ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಆರ್ಟ್, ಅಸ್ಟ್ರಾನಮಿ, ಬಿಸಿನೆಸ್: ಯಾವ ಕ್ರಮದಲ್ಲಿ ಹೋದರೆ ಯೂನಿಟ್ ವ್ಯರ್ಥವಾಗದು

ಕೋರ್ಸ್ ಮುಗಿಯಿತು, ಒಳ್ಳೆಯ ಗ್ರೇಡೂ ಬಂತು, ಆದರೆ ಯೂನಿವರ್ಸಿಟಿಯವರು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಬೇ ಏರಿಯಾದ ಕನ್ನಡದವರ ಮನೆಗಳಲ್ಲಿ ಕಮ್ಯುನಿಟಿ ಕಾಲೇಜಿನ (ಡಿಗ್ರಿಯ ಮೊದಲ ಎರಡು ವರ್ಷದ ಓದು ನಡೆಯುವ ಸರ್ಕಾರಿ ಕಾಲೇಜು) ಮಾತು ಎದ್ದಾಗಲೆಲ್ಲ ಕೇಳಿಬರುವ ದೂರು ಇದು. ಜೊತೆಗೆ ಇನ್ನೆರಡು ಇರುತ್ತವೆ: ರಿಜಿಸ್ಟ್ರೇಷನ್ ದಿನ ಅಕೌಂಟಿಗೆ ಹೋಲ್ಡ್ (ತಡೆ) ಬಿದ್ದಿತ್ತು, ಕ್ಲಾಸಿಗೆ ಹೋಗುವುದನ್ನು ನಿಲ್ಲಿಸಿದ್ದೆ, ಆದರೂ ಎಫ್ ಬಂತು.

ಮೂರಕ್ಕೂ ಮೂಲ ಒಂದೇ. ಜನ ಮೊದಲು ಕ್ಲಾಸ್ ಹಿಡಿಯುತ್ತಾರೆ, ಆಮೇಲೆ ಅದರಿಂದ ಏನು ಪ್ರಯೋಜನ ಎಂದು ವಿಚಾರಿಸುತ್ತಾರೆ. ಇಲ್ಲಿ ಕೆಲಸ ನಡೆಯುವುದು ತಿರುಗುಮುರುಗಾಗಿ. ಉದ್ದೇಶ, ನಂತರ ರೆಸಿಡೆನ್ಸಿ (ರಾಜ್ಯದ ನಿವಾಸಿ ಎಂಬ ಮಾನ್ಯತೆ), ನಂತರ ಕಾಲೇಜು, ಅದಾದ ಮೇಲೆ ಕೋರ್ಸು, ಕೊನೆಗೆ ರಿಜಿಸ್ಟ್ರೇಷನ್. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಹೇಳಿರುವುದು ಕ್ಯಾಲಿಫೋರ್ನಿಯಾದ 116 ಸರ್ಕಾರಿ ಕಮ್ಯುನಿಟಿ ಕಾಲೇಜುಗಳಿಗೆ ಅನ್ವಯಿಸುವಂಥದ್ದು. ಟೆಕ್ಸಸ್, ನ್ಯೂ ಜೆರ್ಸಿಯವರು ಕ್ರಮವನ್ನು ಉಳಿಸಿಕೊಂಡು ನಿಯಮಗಳನ್ನು ಅಲ್ಲಿಯವರಲ್ಲೇ ಕೇಳಬೇಕು.

## ಮೊದಲೇ ಕೈಯಲ್ಲಿ ಇಟ್ಟುಕೊಳ್ಳಬೇಕಾದವು

ಪಾಸ್‌ಪೋರ್ಟ್, ವೀಸಾ ಅಥವಾ ಗ್ರೀನ್ ಕಾರ್ಡ್, ಐ-94 (ಅಮೆರಿಕ ಪ್ರವೇಶದ ದಾಖಲೆ), ಕ್ಯಾಲಿಫೋರ್ನಿಯಾದ ಡ್ರೈವಿಂಗ್ ಲೈಸೆನ್ಸ್, ಹಿಂದಿನ ವರ್ಷದ ರಾಜ್ಯ ತೆರಿಗೆ ರಿಟರ್ನ್, ಬಾಡಿಗೆ ಕರಾರು. ಭಾರತದಲ್ಲಿ ಓದಿದ್ದರೆ ಮಾರ್ಕ್ಸ್ ಕಾರ್ಡುಗಳ ಸ್ಕ್ಯಾನ್ ಪ್ರತಿ. ವರ್ಷಾನುವರ್ಷ ಬದಲಾಗದ ಒಂದು ಸ್ವಂತ ಇಮೇಲ್ ವಿಳಾಸ (ಗಂಡನದೋ ಅಪ್ಪನದೋ ಬೇಡ).

ಹೆಸರಿನ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಡಿಗ್ರಿ ಸರ್ಟಿಫಿಕೇಟಿನಲ್ಲಿ ಅದೇ ಇನಿಷಿಯಲ್ ಹೆಸರಿನ ಮುಂದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಸರ್‌ನೇಮ್. ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟ್ ಇದ್ದವರ ವೀಸಾದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್) ಎಂದು ಬಂದಿರುತ್ತದೆ. ಅರ್ಜಿಯಲ್ಲಿ ಇವತ್ತಿನ ಪಾಸ್‌ಪೋರ್ಟ್ ಮತ್ತು ಸೋಷಿಯಲ್ ಸೆಕ್ಯುರಿಟಿ ದಾಖಲೆಯಲ್ಲಿ ಇರುವಂತೆಯೇ ಬರೆಯಿರಿ. ಹಳೆಯ ರೂಪಗಳನ್ನು 'ಹಿಂದಿನ ಹೆಸರು' ಎಂಬ ಜಾಗದಲ್ಲಿ ತುಂಬಿ. ಹೀಗೆ ಮಾಡದಿದ್ದರೆ ಭಾರತದಿಂದ ಬಂದ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) ಯಾರದು ಎಂದು ತಿಳಿಯದೆ ಕಚೇರಿಯಲ್ಲೇ ಕೂತಿರುತ್ತದೆ.

## ಹಂತ 1: ಯಾತಕ್ಕೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ

ಒಂದೇ ಅಸ್ಟ್ರಾನಮಿ ಕ್ಲಾಸಿನಲ್ಲಿ ಮುಂದೆ ಬರ್ಕ್ಲಿಗೆ ಹೋಗಬೇಕೆಂದಿರುವ ಹುಡುಗ, ಹೈಸ್ಕೂಲಿನ ಹುಡುಗಿ, ಎಚ್‌-4 ವೀಸಾದಲ್ಲಿರುವ (ಎಚ್‌-1ಬಿ ಕೆಲಸದ ವೀಸಾದವರ ಅವಲಂಬಿತೆ) ಗೃಹಿಣಿ, ನಿವೃತ್ತ ಎಂಜಿನಿಯರ್ ಪಕ್ಕಪಕ್ಕ ಕೂತಿರುತ್ತಾರೆ. ಪಾಠ ಒಂದೇ, ಲೆಕ್ಕ ನಾಲ್ಕು ಬಗೆ.

ಟ್ರಾನ್ಸ್‌ಫರ್ ಆಗುವವರಿಗೆ, ಅಂದರೆ ಇಲ್ಲಿಂದ ಯೂನಿವರ್ಸಿಟಿಗೆ ಹೋಗಿ ಡಿಗ್ರಿ ಮುಗಿಸುವವರಿಗೆ, ಅಲ್ಲಿಯವರು ಒಪ್ಪುವ ಕೋರ್ಸೇ ಬೇಕು. ಕೆಲಸಕ್ಕಾಗಿ ಬಂದವರಿಗೆ ಸರ್ಟಿಫಿಕೇಟ್ ಸಾಕು, ಅದರಲ್ಲಿ ಏನೇನಿದೆ ಎಂಬುದು ಆ ಕಾಲೇಜಿನ ಕ್ಯಾಟಲಾಗಿನಲ್ಲಿರುತ್ತದೆ. ಹವ್ಯಾಸಕ್ಕೆ ಬರುವವರು ಕ್ರೆಡಿಟ್ ಇಲ್ಲದ ಕಮ್ಯುನಿಟಿ ಎಜುಕೇಷನ್ ಕ್ಲಾಸನ್ನು ಮೊದಲು ನೋಡಬೇಕು: ಗ್ರೇಡ್ ಇಲ್ಲ, ಟ್ರಾನ್ಸ್‌ಕ್ರಿಪ್ಟ್ ಮೇಲೆ ಕಲೆಯೂ ಇಲ್ಲ.

ಭಾರತದಲ್ಲಿ ಆಗಲೇ ಬಿಇ, ಬಿಕಾಂ ಮಾಡಿದವರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಎರಡನೇ ಬ್ಯಾಚುಲರ್ಸ್‌ಗೆ ಪ್ರವೇಶ ಸಿಗುವುದು ಬಹಳ ಕಷ್ಟ. ಹಾಗಾಗಿ 'ಮತ್ತೆ ಡಿಗ್ರಿ ಮಾಡುತ್ತೇನೆ' ಎಂದು ಇಂಗ್ಲಿಷ್, ಚರಿತ್ರೆ ಎಲ್ಲವನ್ನೂ ಒಂದರಿಂದ ಶುರು ಮಾಡುವ ಮುಂಚೆ, ಮಾಸ್ಟರ್ಸ್‌ಗೋ ಸಿಪಿಎ (ಇಲ್ಲಿಯ ಸಿಎ) ಅರ್ಹತೆಗೋ ಕಮ್ಮಿ ಬೀಳುವ ನಾಲ್ಕಾರು ಕೋರ್ಸುಗಳನ್ನಷ್ಟೇ ತುಂಬಿಸಿಕೊಳ್ಳುವ ದಾರಿ ಇದೆಯೇ ನೋಡಿ. ಬಹಳಷ್ಟು ಜನರಿಗೆ ಬೇಕಿರುವುದು ಅದೇ.

## ಹಂತ 2: ರೆಸಿಡೆನ್ಸಿ ಬಗೆಹರಿಯದೆ ಮುಂದೆ ಹೋಗಬೇಡಿ

ಕ್ಯಾಲಿಫೋರ್ನಿಯಾದ ನಿವಾಸಿಗೆ ಸೆಮಿಸ್ಟರ್ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ (ಕೋರ್ಸಿನ ತೂಕ ಅಳೆಯುವ ಲೆಕ್ಕ) 46 ಡಾಲರ್. ಮೂರು ಯೂನಿಟ್ ಕೋರ್ಸಿಗೆ 138, ಮೇಲೆ ಸಣ್ಣಪುಟ್ಟ ಶುಲ್ಕಗಳು. ಕ್ವಾರ್ಟರ್ ಪದ್ಧತಿಯ ಡಿ ಆಂಜಾ, ಫುಟ್‌ಹಿಲ್‌ಗಳಲ್ಲಿ ಕ್ವಾರ್ಟರ್ ಯೂನಿಟ್‌ಗೆ 31. ನಿವಾಸಿ ಅಲ್ಲ ಎಂದಾದರೆ ಇದರ ಮೇಲೆ ಪ್ರತಿ ಯೂನಿಟ್‌ಗೆ ನೂರಾರು ಡಾಲರ್ ಕೂಡುತ್ತದೆ. ಟರ್ಮ್ ಶುರುವಾದ ಮೇಲೆ ಬಿಲ್ ನೋಡಿ ಬೆಚ್ಚುವವರು ಈ ಹಂತ ಬಿಟ್ಟವರು.

ನಿಯಮ ಇಷ್ಟು: ಟರ್ಮ್ ಶುರುವಾಗುವುದರ ಹಿಂದಿನ ದಿನಕ್ಕೆ ನೀವು ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ಇದ್ದಿರಬೇಕು, ಜೊತೆಗೆ ಇಲ್ಲೇ ನೆಲೆಸುವ ಉದ್ದೇಶಕ್ಕೆ ಕಾಗದಪತ್ರ ಇರಬೇಕು. ಮದುವೆಯಾಗದ, 19ರ ಒಳಗಿನ ಮಕ್ಕಳಿಗೆ ಸಾಮಾನ್ಯವಾಗಿ ತಂದೆತಾಯಿಯ ರೆಸಿಡೆನ್ಸಿಯೇ ಅನ್ವಯ.

ವೀಸಾದಲ್ಲಿರುವವರು 'ನಮಗೆಲ್ಲಿ ಸಿಗುತ್ತೆ' ಎಂದು ಕೇಳದೆಯೇ ಬಿಡುತ್ತಾರೆ. ಎಚ್‌-1ಬಿ, ಎಚ್‌-4, ಎಲ್‌-1, ಎಲ್‌-2ರಲ್ಲಿ ಇರುವವರಿಗೆ ಕ್ಯಾಲಿಫೋರ್ನಿಯಾದ ರೆಸಿಡೆನ್ಸಿ ಸ್ಥಾಪಿಸಲು ಅವಕಾಶ ಇದೆ. ಎಫ್‌-1 (ವಿದ್ಯಾರ್ಥಿ ವೀಸಾ), ಬಿ-1, ಬಿ-2ರವರಿಗೆ (ಭೇಟಿಯ ವೀಸಾ) ಇಲ್ಲ. ಎಚ್‌-4ರಲ್ಲಿ ಓದಲು ಎಫ್‌-1ಗೆ ಬದಲಾಗಬೇಕಿಲ್ಲ, ಪೂರ್ಣಾವಧಿ ಓದಿದರೂ ಅಡ್ಡಿಯಿಲ್ಲ. ಆದರೆ ಎಚ್‌-4ರಲ್ಲಿರುವ ಮಕ್ಕಳ ಸ್ಥಾನಮಾನ 21ಕ್ಕೆ ಮುಗಿಯುತ್ತದೆ. ಆಗ ಎಫ್‌-1ಗೆ ಹೋದರೆ ಶುಲ್ಕದ ದರವೇ ಬದಲಾಗಬಹುದು. ಎರಡು ವರ್ಷದ ಯೋಜನೆ ಹಾಕುವಾಗ ಹುಟ್ಟಿದ ತಾರೀಖನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿ.

ಎಚ್ಚರಿಕೆಯ ಗುರುತು: ಅರ್ಜಿ ಹಾಕಿದ ಮೇಲೆ ವಿದ್ಯಾರ್ಥಿ ಪೋರ್ಟಲ್‌ನಲ್ಲಿ 'ನಾನ್‌ರೆಸಿಡೆಂಟ್' ಎಂದೋ 'ರೆಸಿಡೆನ್ಸಿ ಪೆಂಡಿಂಗ್' ಎಂದೋ ಕಂಡರೆ ತಾನೇ ಸರಿಹೋಗುತ್ತದೆ ಎಂದು ಕಾಯಬೇಡಿ. ಅಡ್ಮಿಷನ್ಸ್ ಕಚೇರಿಗೆ ದಾಖಲೆ ಅಪ್‌ಲೋಡ್ ಮಾಡಿ, ಸ್ಥಿತಿ ಬದಲಾಗಿರುವುದನ್ನು ಕಣ್ಣಾರೆ ನೋಡುವವರೆಗೆ ಬೆನ್ನು ಬಿಡಬೇಡಿ.

ಇನ್ನು ಸಹಾಯಧನ. ಎಚ್‌-4ರವರಿಗೆ ಫೆಡರಲ್ ನೆರವು ಇಲ್ಲ. ಇಲ್ಲೇ ಹುಟ್ಟಿದ ಮಗುವಿಗೆ ತಂದೆತಾಯಿ ಯಾವ ವೀಸಾದಲ್ಲಿದ್ದರೂ ಫಾಫ್ಸಾ (ಫೆಡರಲ್ ನೆರವಿನ) ಅರ್ಜಿ ಹಾಕುವ ಹಕ್ಕು ಇದೆ. 'ನಾವಿನ್ನೂ ಗ್ರೀನ್ ಕಾರ್ಡ್ ಸಾಲಿನಲ್ಲಿದ್ದೇವೆ' ಎಂದು ಇದನ್ನು ಕೈಬಿಟ್ಟ ಮನೆಗಳಿವೆ.

## ಹಂತ 3: ಕಾಲೇಜು ಆರಿಸುವಾಗ ಕ್ಯಾಲೆಂಡರ್ ನೋಡಿ

ಕೂಪರ್ಟಿನೊದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕ್ವಾರ್ಟರ್ ಕಾಲೇಜುಗಳು. ಸಾಂಟಾ ಕ್ಲಾರಾದ ಮಿಷನ್, ಸಾರಟೋಗಾದ ವೆಸ್ಟ್ ವ್ಯಾಲಿ, ಫ್ರೀಮಾಂಟಿನ ಓಲೋನಿ, ಲಿವರ್‌ಮೋರ್‌ನ ಲಾಸ್ ಪೊಸಿಟಾಸ್ ಸೆಮಿಸ್ಟರ್ ಕಾಲೇಜುಗಳು. ಸೆಮಿಸ್ಟರ್ ಆಗಸ್ಟ್ ಕೊನೆಯ ಹೊತ್ತಿಗೆ ಶುರುವಾದರೆ ಕ್ವಾರ್ಟರ್ ಸೆಪ್ಟೆಂಬರ್ ಕೊನೆಗೆ.

ಕ್ವಾರ್ಟರ್ ಎಂದರೆ ಸುಮಾರು 12 ವಾರ. ಎರಡನೇ ವಾರ ಜ್ವರ ಬಂದರೆ ಮೂರನೇ ವಾರ ಪರೀಕ್ಷೆ ಎದುರಿಗೆ ನಿಂತಿರುತ್ತದೆ. ಕೆಲಸ, ಮನೆ ಎರಡನ್ನೂ ತೂಗಿಸುವವರಿಗೆ ನನ್ನ ಸಲಹೆ ಸೆಮಿಸ್ಟರ್ ಕಾಲೇಜು. ಎರಡು ವರ್ಷದಲ್ಲಿ ಬೇಗ ಹೆಚ್ಚು ವಿಷಯ ಮುಗಿಸಬೇಕೆನ್ನುವ ಹುಡುಗರಿಗೆ ಕ್ವಾರ್ಟರ್ ಒಗ್ಗುತ್ತದೆ.

ಯೂನಿಟ್ ಲೆಕ್ಕ ಗೊತ್ತಿರಲಿ: 4.5 ಕ್ವಾರ್ಟರ್ ಯೂನಿಟ್ ಅಂದರೆ 3 ಸೆಮಿಸ್ಟರ್ ಯೂನಿಟ್. ಇದಕ್ಕಿಂತ ದೊಡ್ಡ ಅಪಾಯ ಸರಣಿ ಕೋರ್ಸುಗಳಲ್ಲಿದೆ. ಡಿ ಆಂಜಾದಲ್ಲಿ ಅಕೌಂಟಿಂಗ್ 1ಎ, 1ಬಿ, 1ಸಿ ಎಂದು ಮೂರು ಭಾಗ. ಸೆಮಿಸ್ಟರ್ ಕಾಲೇಜಿನಲ್ಲಿ ಅದೇ ವಿಷಯ ಫೈನಾನ್ಷಿಯಲ್, ಮ್ಯಾನೇಜೀರಿಯಲ್ ಎಂದು ಎರಡು. 1ಎ ಮುಗಿಸಿ ಮನೆ ಬದಲಾಯಿತೆಂದು ಸೆಮಿಸ್ಟರ್ ಕಾಲೇಜಿಗೆ ಹೋದರೆ ಅಲ್ಲಿಯ ಯಾವ ಕೋರ್ಸಿಗೂ ಅದು ಸರಿಹೊಂದುವುದಿಲ್ಲ. ಸರಣಿಯನ್ನು ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಿ.

## ಹಂತ 4: ಕೋರ್ಸನ್ನು ತುದಿಯಿಂದ ಹಿಂದಕ್ಕೆ ಹುಡುಕಿ

ಅಸಿಸ್ಟ್ ಡಾಟ್ ಆರ್ಗ್ ಎಂಬ ಉಚಿತ ತಾಣ ಇದೆ. ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸನ್ನು ಯಾವ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಥವಾ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್ ಒಪ್ಪುತ್ತದೆ ಎಂಬುದಕ್ಕೆ ಅಧಿಕೃತ ದಾಖಲೆ ಅದೇ. ವರ್ಷ, ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಇಷ್ಟನ್ನೂ ಆರಿಸಿ. ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸ್, ಬಲಗಡೆ ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮವಾದದ್ದು ಕಾಣುತ್ತದೆ. ನಡುವೆ 'ಆ್ಯಂಡ್' ಇದ್ದರೆ ಎರಡೂ ಬೇಕು, 'ಆರ್' ಇದ್ದರೆ ಒಂದು ಸಾಕು. ಅವಸರದಲ್ಲಿ ಈ ಪುಟ್ಟ ಪದವನ್ನು ಓದದೆ ಬಿಟ್ಟು ಅರ್ಧ ಸರಣಿಯಲ್ಲಿ ನಿಲ್ಲುವವರು ಕಮ್ಮಿಯಿಲ್ಲ. ಸ್ಟ್ಯಾನ್‌ಫರ್ಡ್, ಸಾಂಟಾ ಕ್ಲಾರಾ ಯೂನಿವರ್ಸಿಟಿಯಂಥ ಖಾಸಗಿ ಸಂಸ್ಥೆಗಳ ವಿವರ ಅಲ್ಲಿ ಸಿಗುವುದಿಲ್ಲ, ಅವರಲ್ಲೇ ಕೇಳಬೇಕು.

ಮೇಜರ್ ಜೊತೆ ಸಾಮಾನ್ಯ ಶಿಕ್ಷಣದ (ಮೇಜರ್ ಯಾವುದಾದರೂ ಎಲ್ಲರೂ ಓದಬೇಕಾದ ವಿಷಯಗಳ) ಪಟ್ಟಿ ಇನ್ನೊಂದು. 2025ರ ಶರತ್ಕಾಲದಿಂದ ಯುಸಿ, ಸಿಎಸ್‌ಯು ಎರಡಕ್ಕೂ ಕ್ಯಾಲ್-ಗೆಟ್ಸಿ ಎಂಬ ಒಂದೇ ಪಟ್ಟಿ ಜಾರಿಯಲ್ಲಿದೆ, ಒಟ್ಟು 34 ಸೆಮಿಸ್ಟರ್ ಯೂನಿಟ್. ಹಳೆಯ ಐಗೆಟ್ಸಿ ಪಟ್ಟಿ ಹಿಡಿದುಕೊಂಡ ಅಣ್ಣ ಅಕ್ಕಂದಿರ ಸಲಹೆ ಈಗ ಪೂರ್ತಿ ಹೊಂದುವುದಿಲ್ಲ. ಎಲ್ಲ ಕಾಲೇಜುಗಳಿಗೂ ಒಂದೇ ಕೋರ್ಸ್ ಸಂಖ್ಯೆ ತರುವ ಕೆಲಸವೂ ನಡೆಯುತ್ತಿರುವುದರಿಂದ, ಹೋದ ವರ್ಷ ಗೆಳತಿ ತೆಗೆದುಕೊಂಡ ಕೋರ್ಸಿನ ಸಂಖ್ಯೆ ಈ ವರ್ಷ ಬೇರೆ ಇರಬಹುದು.

### ಆರ್ಟ್

ಇಲ್ಲಿ ಎರಡು ಜಾತಿ: ಕಲಾ ಚರಿತ್ರೆ ಮತ್ತು ಸ್ಟುಡಿಯೊ. ಕ್ಯಾಲ್-ಗೆಟ್ಸಿಯ ಕಲೆ ವಿಭಾಗಕ್ಕೆ ಸಾಮಾನ್ಯವಾಗಿ ಸಲ್ಲುವುದು ಚರಿತ್ರೆ, ವಿಮರ್ಶೆ ಇರುವ ಕೋರ್ಸು. ಡ್ರಾಯಿಂಗ್, ಸೆರಾಮಿಕ್ಸ್, ಪೇಂಟಿಂಗ್ ಬಹುತೇಕ ಅಲ್ಲಿಗೆ ಲೆಕ್ಕವಿಲ್ಲ. 'ಕಲೆ ವಿಭಾಗಕ್ಕೆ ಒಂದು ಬೇಕಲ್ಲ, ಮಣ್ಣಿನ ಕೆಲಸ ಮಾಡೋಣ' ಎಂದು ಸೆರಾಮಿಕ್ಸ್ ಸೇರಿದ ಎಂಜಿನಿಯರಿಂಗ್ ವಿದ್ಯಾರ್ಥಿ ಮತ್ತೊಂದು ಕೋರ್ಸ್ ಮಾಡಬೇಕಾಗುತ್ತದೆ.

ಕಲೆಯೇ ಮೇಜರ್ ಎನ್ನುವವರಿಗೆ ಕ್ರಮ ತದ್ವಿರುದ್ಧ. ಎರಡು ಆಯಾಮದ ಡಿಸೈನ್, ಮೂರು ಆಯಾಮದ ಡಿಸೈನ್, ಡ್ರಾಯಿಂಗ್ ಈ ಅಡಿಪಾಯದ ಕೋರ್ಸುಗಳು ಮೊದಲ ವರ್ಷವೇ ಮುಗಿದಿರಬೇಕು, ಏಕೆಂದರೆ ಅರ್ಜಿಗೆ ಪೋರ್ಟ್‌ಫೋಲಿಯೊ ಕೇಳುವ ಕಡೆ ಅದರ ಕೆಲಸ ಈ ಕ್ಲಾಸುಗಳಲ್ಲೇ ಹುಟ್ಟುವುದು. ಯುಸಿ ಅರ್ಜಿ ನವೆಂಬರ್ ಕೊನೆಯ ಹೊತ್ತಿಗೆ ಹೋಗುತ್ತದೆ. ಎರಡನೇ ವರ್ಷದ ವಸಂತಕ್ಕೆ ಡ್ರಾಯಿಂಗ್ ಇಟ್ಟುಕೊಂಡರೆ ತೋರಿಸಲು ಏನೂ ಇರುವುದಿಲ್ಲ. ಮಾಡಿದ್ದನ್ನೆಲ್ಲ ಆ ವಾರವೇ ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಜೇಡಿಮಣ್ಣಿನ ಕೆಲಸ ಗೂಡಿನಲ್ಲಿ ಬಿರುಕು ಬಿಡುವುದುಂಟು.

ಸ್ಟುಡಿಯೊ ಕ್ಲಾಸಿನ ಸಮಯ ಹಲವರಿಗೆ ಅಂದಾಜು ಸಿಗುವುದಿಲ್ಲ. ಮೂರು ಯೂನಿಟ್ ಉಪನ್ಯಾಸ ಕ್ಲಾಸಿಗೆ ವಾರಕ್ಕೆ ಮೂರು ಗಂಟೆ ಕೂತರೆ, ಮೂರು ಯೂನಿಟ್ ಸ್ಟುಡಿಯೊಗೆ ಆರು ಗಂಟೆಯವರೆಗೂ ಆಗಬಹುದು. ಶುಲ್ಕ ಅಷ್ಟೇ ಇದ್ದರೂ ಕಾಗದ, ಬಣ್ಣ, ಕುಂಚಗಳ ಖರ್ಚು ನಿಮ್ಮದೇ. ಮೊದಲ ಕ್ಲಾಸಿನಲ್ಲಿ ಸಾಮಗ್ರಿ ಪಟ್ಟಿ ಕೊಡುವ ತನಕ ಏನನ್ನೂ ಕೊಳ್ಳಬೇಡಿ. ಅಂಗಡಿಯ 'ಬಿಗಿನರ್ ಸೆಟ್'ನಲ್ಲಿ ಅರ್ಧ ಬೇಡದ್ದೇ ಇರುತ್ತದೆ.

ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫಿಗರ್ ಡ್ರಾಯಿಂಗ್ ಎಂದರೆ ಎದುರಿಗೆ ಬಟ್ಟೆ ತೊಡದ ಮಾಡೆಲ್ ಇರುತ್ತಾರೆ. ಕಲಾ ಶಿಕ್ಷಣದಲ್ಲಿ ಅದು ಸಹಜ. ಆದರೆ 16 ವರ್ಷದ ಮಗಳನ್ನು ಸೇರಿಸಿ ಮೊದಲ ವಾರದ ಸಂಜೆ ಮನೆಯಲ್ಲಿ ರಂಪ ಆಗುವುದಕ್ಕಿಂತ ಕೋರ್ಸ್ ವಿವರ ಮುಂಚೆಯೇ ಓದಿಕೊಳ್ಳಿ.

ಹವ್ಯಾಸಿಗಳು ತಿಳಿದಿರಬೇಕಾದ ಮಿತಿಯೂ ಇದೆ: ಒಂದೇ ಬಗೆಯ ಸ್ಟುಡಿಯೊ ಕೋರ್ಸುಗಳ ಗುಂಪಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಬಾರಿ ಕ್ರೆಡಿಟ್‌ಗಾಗಿ ಸೇರುವಂತಿಲ್ಲ. ವರ್ಷವಿಡೀ ಚಕ್ರದ ಮೇಲೆ ಮಡಕೆ ತಿರುಗಿಸುತ್ತಿರಬೇಕೆಂಬ ಆಸೆ ಇದ್ದರೆ ಕ್ರೆಡಿಟ್ ಇಲ್ಲದ ದಾರಿಯೇ ಸರಿ.

### ಅಸ್ಟ್ರಾನಮಿ

ವಿಜ್ಞಾನ ಮೇಜರ್ ಅಲ್ಲದವರಿಗೆ ಭೌತ ವಿಜ್ಞಾನ ವಿಭಾಗವನ್ನು ತುಂಬಲು ಇದು ಜನಪ್ರಿಯ ಆಯ್ಕೆ. ಹಲವು ಕಾಲೇಜುಗಳಲ್ಲಿ ಪಾಠ ಒಂದು ಕೋರ್ಸ್, ಲ್ಯಾಬ್ ಬೇರೆಯೇ ಕೋರ್ಸ್. ಕ್ಯಾಲ್-ಗೆಟ್ಸಿಯಲ್ಲಿ ಭೌತ ಅಥವಾ ಜೀವ ವಿಜ್ಞಾನದಲ್ಲಿ ಒಂದಕ್ಕೆ ಲ್ಯಾಬ್ ಇರಲೇಬೇಕು. ಜೀವಶಾಸ್ತ್ರವನ್ನು ಲ್ಯಾಬ್ ಇಲ್ಲದೆ ಮಾಡಿ, ಇಲ್ಲೂ ಬರೀ ಪಾಠ ತೆಗೆದುಕೊಂಡರೆ ಕೊನೆಗೆ ಒಂದು ಯೂನಿಟ್ ಲ್ಯಾಬಿಗಾಗಿ ಇನ್ನೊಂದು ಟರ್ಮ್. ಲ್ಯಾಬಿಗೆ ಪಾಠದ ಕೋರ್ಸನ್ನು ಮೊದಲೇ ಅಥವಾ ಜೊತೆಗೇ ತೆಗೆದುಕೊಂಡಿರಬೇಕೆಂಬ ಷರತ್ತು ಸಾಮಾನ್ಯ. ಕೆಲವು ಲ್ಯಾಬ್ ರಾತ್ರಿ ಹೊತ್ತು ನಡೆಯುತ್ತವೆ, ಟೈಮ್‌ಟೇಬಲ್ ನೋಡಿ.

'ನಕ್ಷತ್ರ ತೋರಿಸುತ್ತಾರೆ, ಗಣಿತ ಇರುವುದಿಲ್ಲ' ಎಂದು ಬರುವವರೇ ಮೊದಲ ಪರೀಕ್ಷೆಯಲ್ಲಿ ಬೀಳುವುದು. ಕ್ಯಾಲ್ಕುಲಸ್ ಇಲ್ಲ ನಿಜ. ಆದರೆ ಹತ್ತರ ಘಾತ, ಅನುಪಾತ, ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುವ ವಿಲೋಮ ವರ್ಗ ನಿಯಮ, ಕೆಪ್ಲರನ ಮೂರನೇ ನಿಯಮ ಇವೆಲ್ಲ ಬರುತ್ತವೆ. ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಒಂದು ವಾರಾಂತ್ಯದ ಮರುಓದು ಸಾಕು. ಕಾಮರ್ಸ್‌ನಿಂದ ಬಂದವರು ಟರ್ಮ್ ಶುರುವಾಗುವ ಮುಂಚೆ ಸೈಂಟಿಫಿಕ್ ನೊಟೇಷನ್ ಅಭ್ಯಾಸ ಮಾಡಿಕೊಳ್ಳಿ. ಓಪನ್‌ಸ್ಟಾಕ್ಸ್ ಪ್ರಕಟಿಸಿದ ಖಗೋಳ ಪಠ್ಯಪುಸ್ತಕ ಅಂತರ್ಜಾಲದಲ್ಲಿ ಉಚಿತ. ಹಲವು ಬೋಧಕರು ಅದನ್ನೇ ಬಳಸುತ್ತಾರೆ, ಅದರ ಮೊದಲ ಅಧ್ಯಾಯಗಳೇ ಒಳ್ಳೆಯ ತಾಲೀಮು. ಪಠ್ಯಪುಸ್ತಕದ ಖರ್ಚಿಲ್ಲದ ಕ್ಲಾಸುಗಳಿಗೆ ವೇಳಾಪಟ್ಟಿಯಲ್ಲಿ ಗುರುತು ಹಾಕಿರುತ್ತಾರೆ.

ಈಗ ಮುಖ್ಯ ಎಚ್ಚರಿಕೆ. ಮಗ ಅಸ್ಟ್ರೋಫಿಸಿಕ್ಸ್ ಓದಬೇಕು ಎನ್ನುತ್ತಾನೆಂದು ಈ ಪರಿಚಯ ಕೋರ್ಸುಗಳನ್ನು ಒಂದರ ಮೇಲೊಂದು ತೆಗೆಸಬೇಡಿ. ಆ ಮೇಜರ್‌ಗೆ ಬೇಕಿರುವುದು ಕ್ಯಾಲ್ಕುಲಸ್ ಸರಣಿ ಮತ್ತು ಕ್ಯಾಲ್ಕುಲಸ್ ಆಧಾರಿತ ಫಿಸಿಕ್ಸ್ ಸರಣಿ. ಎರಡೂ ಉದ್ದ, ಒಂದರ ಬೆನ್ನಿಗೆ ಒಂದು ಬರುವಂಥವು. ಮೊದಲ ಟರ್ಮ್‌ನಲ್ಲೇ ಗಣಿತ ಹತ್ತದಿದ್ದರೆ ಎರಡು ವರ್ಷದಲ್ಲಿ ಮುಗಿಯುವುದಿಲ್ಲ. ಆಸಕ್ತಿ ಉಳಿಸಿಕೊಳ್ಳಲು ಡಿ ಆಂಜಾದ ಪ್ಲಾನೆಟೇರಿಯಂ, ಫುಟ್‌ಹಿಲ್‌ನ ಅಬ್ಸರ್ವೇಟರಿ ಇವೆ. ಆಕಾಶ ನೋಡಲು ಟ್ರಾನ್ಸ್‌ಕ್ರಿಪ್ಟ್ ಬೇಕಿಲ್ಲ.

### ಬಿಸಿನೆಸ್

ಹೆಸರಿನಲ್ಲಿ ಬಿಸಿನೆಸ್ ಇರುವ ಕೋರ್ಸುಗಳೆಲ್ಲ ಬಿಸಿನೆಸ್ ಮೇಜರ್‌ಗೆ ಬೇಕಾದವಲ್ಲ. ಯೂನಿವರ್ಸಿಟಿಗಳು ಸಾಮಾನ್ಯವಾಗಿ ಕೇಳುವುದು ಫೈನಾನ್ಷಿಯಲ್ ಮತ್ತು ಮ್ಯಾನೇಜೀರಿಯಲ್ ಅಕೌಂಟಿಂಗ್, ಮೈಕ್ರೋ ಮತ್ತು ಮ್ಯಾಕ್ರೋ ಎಕನಾಮಿಕ್ಸ್, ಕ್ಯಾಲ್ಕುಲಸ್ ಅಥವಾ ಸ್ಟಾಟಿಸ್ಟಿಕ್ಸ್. ಸಿಎಸ್‌ಯು ಕ್ಯಾಂಪಸ್ಸುಗಳಾದರೆ ಹಲವೆಡೆ ಬಿಸಿನೆಸ್ ಲಾ. ಮಾರ್ಕೆಟಿಂಗ್, ಮ್ಯಾನೇಜ್‌ಮೆಂಟ್ ಕೋರ್ಸುಗಳು ಸರ್ಟಿಫಿಕೇಟಿಗೆ ಒಳ್ಳೆಯವೇ, ಆದರೆ ಯೂನಿವರ್ಸಿಟಿಯಲ್ಲಿ ಇವು ಮೂರನೇ ವರ್ಷದ ವಿಷಯಗಳಾದ್ದರಿಂದ ಟ್ರಾನ್ಸ್‌ಫರ್‌ನಲ್ಲಿ ಹೆಚ್ಚೆಂದರೆ ಎಲೆಕ್ಟಿವ್ (ಐಚ್ಛಿಕ ವಿಷಯ) ಆಗಿ ನಿಲ್ಲುತ್ತವೆ. ಎಕನಾಮಿಕ್ಸ್‌ನಲ್ಲಿ ಲಾಭ ಎರಡು ಪಟ್ಟು: ಮೇಜರ್‌ಗೂ ಸಲ್ಲುತ್ತದೆ, ಸಮಾಜ ವಿಜ್ಞಾನ ವಿಭಾಗಕ್ಕೂ.

ಸಿಎಸ್‌ಯು ಗುರಿ ಇದ್ದರೆ ಎಡಿಟಿ ಎಂಬ ಟ್ರಾನ್ಸ್‌ಫರ್ ಅಸೋಸಿಯೇಟ್ ಡಿಗ್ರಿಯನ್ನು ಕೇಳಿ. 60 ಸೆಮಿಸ್ಟರ್ ಯೂನಿಟ್ ಮುಗಿಸಿ ಅರ್ಹತೆ ಪಡೆದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಸೀಟು ಖಚಿತ. ಆದರೆ ಇಂಥದ್ದೇ ಕ್ಯಾಂಪಸ್ ಎಂಬ ಖಾತರಿ ಅಲ್ಲ. ಸ್ಯಾನ್ ಹೊಸೆ ಸ್ಟೇಟ್ ಸಿಕ್ಕೇ ಸಿಗುತ್ತದೆ ಎಂದುಕೊಂಡು ಕೂರಬೇಡಿ. ಯುಸಿ ಕಡೆ ಟ್ಯಾಗ್ ಎಂಬ ಖಾತರಿ ಯೋಜನೆ ಇದೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರಲ್ಲಿ ಒಂದಕ್ಕೆ, ಅದೂ ಕೆಲವು ಮೇಜರ್‌ಗಳನ್ನು ಬಿಟ್ಟು. ಅದರ ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಈ ಪಟ್ಟಿಯಲ್ಲಿಲ್ಲ.

ಬಿಕಾಂ ಓದಿದವರಿಗೆ ಡೆಬಿಟ್, ಕ್ರೆಡಿಟ್ ಹೊಸದಲ್ಲ. ಆದರೆ ಇಲ್ಲಿ ನಿತ್ಯದ ಆನ್‌ಲೈನ್ ಹೋಮ್‌ವರ್ಕಿಗೇ ಅಂಕದ ದೊಡ್ಡ ಪಾಲು ಹೋಗುವುದುಂಟು. ಕೊನೆಯ ಪರೀಕ್ಷೆಗೆ ಓದಿ ಗೆದ್ದುಬಿಡುವ ನಮ್ಮ ಹಳೆಯ ರೂಢಿ ಇಲ್ಲಿ ಕೆಲಸಕ್ಕೆ ಬಾರದು.

ಎಚ್‌-4ರವರೇ, ಇಂಟರ್ನ್‌ಶಿಪ್ ಅಥವಾ ವರ್ಕ್ ಎಕ್ಸ್‌ಪೀರಿಯನ್ಸ್ ಎಂಬ ಹೆಸರಿನ ಕೋರ್ಸನ್ನು ಕಂಡ ಕೂಡಲೇ ಸೇರಬೇಡಿ. ಇಎಡಿ (ಕೆಲಸದ ಪರವಾನಗಿ) ಇಲ್ಲದೆ ಕೆಲಸ ಮಾಡುವಂತಿಲ್ಲ, ಸಂಬಳವಿಲ್ಲದ್ದು ಎಂದಮಾತ್ರಕ್ಕೆ ಸುರಕ್ಷಿತ ಎನ್ನಲಾಗದು. ವಕೀಲರನ್ನು ಕೇಳಿ ಮುಂದುವರಿಯಿರಿ.

## ಹಂತ 5: ಅರ್ಜಿ, ನಂತರ ಹೋಲ್ಡ್‌ಗಳ ಬೇಟೆ

ಅರ್ಜಿ ಹಾಕುವುದು ಸಿಸಿಸಿ ಅಪ್ಲೈ ತಾಣದಲ್ಲಿ, ಉಚಿತ. ನಕಲಿ ಅರ್ಜಿಗಳ ಹಾವಳಿ ಹೆಚ್ಚಿರುವುದರಿಂದ ಗುರುತು ದೃಢೀಕರಿಸಿ ಎಂಬ ಇಮೇಲ್ ಬರಬಹುದು. ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ. ದುಡ್ಡು ಕೇಳುವ ತಾಣ ಸಿಕ್ಕಿದರೆ ಅದು ಸರಿಯಾದ ಜಾಗವಲ್ಲ.

ಆಮೇಲೆ ಓರಿಯೆಂಟೇಷನ್, ಪ್ಲೇಸ್‌ಮೆಂಟ್ (ಯಾವ ಮಟ್ಟದ ಕೋರ್ಸಿನಿಂದ ಶುರು ಎಂಬ ನಿರ್ಧಾರ), ಕೌನ್ಸೆಲರ್ ಜೊತೆ ಕೂತು ಎಜುಕೇಷನ್ ಪ್ಲಾನ್. ಈ ಮೂರನ್ನು ಮುಗಿಸಿದವರಿಗೆ ರಿಜಿಸ್ಟ್ರೇಷನ್ ದಿನಾಂಕ ಬೇಗ ಸಿಗುತ್ತದೆ. ಕೌನ್ಸೆಲರ್ ಬಳಿ ಬರಿಗೈಲಿ ಹೋಗಿ 'ಏನು ತಗೊಳ್ಳಲಿ' ಎಂದು ಕೇಳಿದರೆ ಅರ್ಧ ಗಂಟೆ ಪರಿಚಯದಲ್ಲೇ ಕಳೆಯುತ್ತದೆ. ಅಸಿಸ್ಟ್ ಪುಟದ ಪ್ರಿಂಟ್ ಹಿಡಿದು ಹೋಗಿ 'ಈ ಕ್ರಮ ಸರಿಯೇ' ಎಂದು ಕೇಳಿ.

ಪೂರ್ವಾರ್ಹತೆ ಇರುವ ಕೋರ್ಸಿಗೆ ಭಾರತದ ಓದನ್ನು ತೋರಿಸಬೇಕಾದರೆ ಸಮಯ ಬೇಕು. ವಿದೇಶಿ ಅಂಕಪಟ್ಟಿಗೆ ಡಬ್ಲ್ಯೂಇಎಸ್‌ನಂಥ ಸಂಸ್ಥೆಯ ಮೌಲ್ಯಮಾಪನ ಕೇಳುತ್ತಾರೆ, ಅದೂ ಪ್ರತಿ ವಿಷಯದ ವಿವರ ಇರುವ ಬಗೆಯದು. ಬರೀ ಡಿಗ್ರಿಗೆ ಸಮ ಎಂದು ಹೇಳುವ ಅಗ್ಗದ ವರದಿ ತರಿಸಿ ಮತ್ತೆ ದುಡ್ಡು ಕಟ್ಟುವವರಿದ್ದಾರೆ. ನಮ್ಮ ಯೂನಿವರ್ಸಿಟಿಗಳಿಂದ ಮುಚ್ಚಿದ ಲಕೋಟೆ ಹೊರಡಿಸಲು ಊರಲ್ಲಿ ಯಾರಾದರೂ ಓಡಾಡಬೇಕಾಗುತ್ತದೆ. ತಿಂಗಳುಗಳ ಮುಂಚೆ ಶುರು ಮಾಡಿ. ಅಷ್ಟರೊಳಗೆ ಆಗದಿದ್ದರೆ ಪೂರ್ವಾರ್ಹತೆಯಿಂದ ವಿನಾಯಿತಿ ಕೋರುವ ಪ್ರಿರಿಕ್ವಿಸಿಟ್ ಚಾಲೆಂಜ್ ಫಾರ್ಮ್ ಕೇಳಿ ನೋಡಿ.

ಹೈಸ್ಕೂಲ್ ಮಕ್ಕಳಿಗೆ ಪ್ರತ್ಯೇಕ ದಾರಿ: ಶಾಲೆಯವರೂ ಪೋಷಕರೂ ಸಹಿ ಹಾಕಿದ ಫಾರ್ಮ್ ಬೇಕು. ಸಾಮಾನ್ಯವಾಗಿ 11 ಯೂನಿಟ್‌ವರೆಗೆ ಎನ್‌ರೋಲ್‌ಮೆಂಟ್ ಶುಲ್ಕ ಇರುವುದಿಲ್ಲ. ಬಿಡಿಯಾಗಿ ಸೇರುವವರಿಗೆ ರಿಜಿಸ್ಟ್ರೇಷನ್ ಸರದಿ ಕೊನೆಯಲ್ಲಿ ಬರುತ್ತದೆ. ಉಚಿತ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಬಂದ ಗ್ರೇಡ್ ಶಾಶ್ವತ ಕಾಲೇಜು ದಾಖಲೆ, ಮುಂದೆ ಪ್ರತಿ ಅರ್ಜಿಯಲ್ಲೂ ತೋರಿಸಬೇಕು.

ಎಚ್ಚರಿಕೆಯ ಗುರುತು: ರಿಜಿಸ್ಟ್ರೇಷನ್‌ಗೆ ಒಂದು ವಾರ ಮುಂಚೆ ಪೋರ್ಟಲ್‌ನಲ್ಲಿ ಹೋಲ್ಡ್ ಪುಟ ತೆರೆದು ನೋಡಿ. ಐದು ಡಾಲರ್ ಬಾಕಿಯೂ ದಾರಿ ಕಟ್ಟಬಲ್ಲದು.

## ಹಂತ 6: ರಿಜಿಸ್ಟ್ರೇಷನ್ ದಿನ

ನಿಮಗೆ ಕೊಟ್ಟ ನಿಮಿಷಕ್ಕೇ ಲಾಗಿನ್ ಆಗಿ. ಕೈಯಲ್ಲಿ ಐದಂಕಿಯ ಕ್ಲಾಸ್ ಸಂಖ್ಯೆಗಳ ಪಟ್ಟಿ ಇರಲಿ, ಒಂದೊಂದಕ್ಕೂ ಬದಲಿ ಒಂದು. ಆನ್‌ಲೈನ್ ಎಂದು ಬರೆದದ್ದರಲ್ಲೂ ಬಗೆಗಳಿವೆ: ಕೆಲವಕ್ಕೆ ನಿಗದಿತ ಹೊತ್ತಿಗೆ ಜೂಮ್‌ನಲ್ಲಿ ಕೂರಬೇಕು, ಕೆಲವಕ್ಕೆ ಬೇಡ. ಎಫ್‌-1ರವರಿಗೆ ಪೂರ್ಣಾವಧಿಯ 12 ಯೂನಿಟ್‌ನಲ್ಲಿ ಆನ್‌ಲೈನ್ ಒಂದು ಕ್ಲಾಸ್ ಅಥವಾ 3 ಯೂನಿಟ್ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಸೀಟು ತುಂಬಿದ್ದರೆ ವೇಟ್‌ಲಿಸ್ಟ್ ಸೇರಿ, ಮೊದಲ ದಿನ ಕ್ಲಾಸಿಗೆ ಹೋಗಿ ಕೂರಿ. ಬರದವರನ್ನು ಬೋಧಕರು ಅಂದೇ ತೆಗೆದುಹಾಕಬಹುದು, ಆ ಜಾಗಕ್ಕೆ ಆಡ್ ಕೋಡ್ (ಕ್ಲಾಸಿಗೆ ಸೇರಲು ಅನುಮತಿಯ ಸಂಖ್ಯೆ) ಕೊಡುತ್ತಾರೆ. ಕೋಡ್ ಸಿಕ್ಕಿದಾಕ್ಷಣ ಸೇರಿದಂತಾಯಿತು ಎಂದು ತಿಳಿಯಬೇಡಿ. ಗಡುವಿನೊಳಗೆ ಪೋರ್ಟಲ್‌ನಲ್ಲಿ ನೀವೇ ಅದನ್ನು ಹಾಕಬೇಕು. ಶುಲ್ಕ ಕಟ್ಟದಿದ್ದರೆ ಕೆಲವು ಕಾಲೇಜುಗಳು ಕ್ಲಾಸಿನಿಂದಲೇ ಹೊರಹಾಕುತ್ತವೆ.

## ಹಂತ 7: ಮೊದಲ ಎರಡು ವಾರ

ಈ ಹದಿನಾಲ್ಕು ದಿನಗಳಲ್ಲಿ ಮಾಡಿದ್ದು ಇಡೀ ಟರ್ಮನ್ನು ಕಾಯುತ್ತದೆ. ಪೋರ್ಟಲ್‌ನಲ್ಲಿ ಪ್ರತಿ ಕ್ಲಾಸಿಗೂ ಅದರದೇ ಗಡುವುಗಳಿರುತ್ತವೆ, ಮೂರನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ. ಒಂದು, ದುಡ್ಡು ವಾಪಸ್ ಸಿಗುವ ಕೊನೆ ದಿನ. ಸೆಮಿಸ್ಟರ್ ಪೂರ್ತಿಯ ಕ್ಲಾಸಿಗೆ ಇದು ಸುಮಾರು ಎರಡು ವಾರ, ಬೇಸಿಗೆಯ ಚಿಕ್ಕ ಕ್ಲಾಸಿಗೆ ಒಂದೆರಡು ದಿನವಷ್ಟೇ. ಎರಡು, ದಾಖಲೆಯಲ್ಲಿ ಏನೂ ಉಳಿಯದಂತೆ ಬಿಡುವ ಕೊನೆ ದಿನ, ಸುಮಾರು ಶೇ 20 ಮುಗಿಯುವ ಹೊತ್ತು. ಮೂರು, ಡಬ್ಲ್ಯೂ (ನಡುವೆ ಬಿಟ್ಟರು ಎಂಬ ದಾಖಲೆಯ ಗುರುತು) ಜೊತೆ ಬಿಡುವ ಕೊನೆ ದಿನ, ಸುಮಾರು ಶೇ 75ರ ಹೊತ್ತು.

ಆನ್‌ಲೈನ್ ಕ್ಲಾಸಾದರೆ ಕ್ಯಾನ್ವಾಸ್‌ಗೆ (ಪಾಠ ನಡೆಯುವ ತಾಣ) ಬರೀ ಲಾಗಿನ್ ಆದರೆ ಸಾಲದು. ಮೊದಲ ವಾರದ 'ಪರಿಚಯ ಮಾಡಿಕೊಳ್ಳಿ' ಚರ್ಚೆಯಲ್ಲಿ ಬರೆಯದಿದ್ದರೆ ಗೈರು ಎಂದೇ ಲೆಕ್ಕ.

ಸಿಲಬಸ್‌ನಲ್ಲಿ ನೋಡಬೇಕಾದ್ದು ಅಂಕ ಹಂಚಿಕೆ, ತಡವಾದ ಕೆಲಸದ ನಿಯಮ, ಎಐ ಬಳಕೆಯ ನಿಯಮ. ಮೂರು ಯೂನಿಟ್ ಕ್ಲಾಸಿಗೆ ವಾರಕ್ಕೆ ಒಟ್ಟು ಒಂಬತ್ತು ಗಂಟೆ ಬೇಕು ಎಂಬ ಲೆಕ್ಕದ ಮೇಲೆ ಪಾಠ ರೂಪಿಸಿರುತ್ತಾರೆ. ನಿಮ್ಮ ವಾರದಲ್ಲಿ ಅಷ್ಟು ಗಂಟೆ ಕಾಣದಿದ್ದರೆ ದುಡ್ಡು ವಾಪಸ್ ಬರುವ ದಿನದ ಒಳಗೇ ಒಂದನ್ನು ಬಿಡಿ.

ಪೋಷಕರಿಗೆ: ಮಗುವಿಗೆ 15 ವರ್ಷವೇ ಆಗಿದ್ದರೂ ಕಾಲೇಜಿನ ದಾಖಲೆ ಅದರದು. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಫೆರ್ಪಾ ಕಾಯ್ದೆಯಂತೆ, ಮಗುವಿನ ಒಪ್ಪಿಗೆ ಇಲ್ಲದೆ ಬೋಧಕರು ಸಾಮಾನ್ಯವಾಗಿ ನಿಮ್ಮೊಡನೆ ಗ್ರೇಡ್ ಚರ್ಚಿಸುವ ಹಾಗಿಲ್ಲ. ಮಗುವಿನ ಹೆಸರಿನಲ್ಲಿ ನೀವು ಇಮೇಲ್ ಬರೆದರೆ ಎರಡೇ ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ.

## ಹಂತ 8: ನಡುವೆ ಕೈಕೊಟ್ಟರೆ

ಕ್ಲಾಸಿಗೆ ಹೋಗದಿರುವುದು ಬೇರೆ, ಡ್ರಾಪ್ ಮಾಡುವುದು ಬೇರೆ. ಬೋಧಕರೇ ತೆಗೆಯುತ್ತಾರೆ ಎಂದು ನಂಬಿ ಕೂತವರ ಪಾಲಿಗೆ ಎಫ್. ಪೋರ್ಟಲ್‌ನಲ್ಲಿ ನೀವೇ ಡ್ರಾಪ್ ಒತ್ತಿ, ಖಚಿತವಾದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಡಬ್ಲ್ಯೂ ತೆಗೆದುಕೊಳ್ಳಲೋ ಒದ್ದಾಡಿ ಸಿ ಉಳಿಸಿಕೊಳ್ಳಲೋ? ಮೇಜರ್ ಕೋರ್ಸಾದರೆ ನನ್ನ ಮಟ್ಟಿಗೆ ಡಬ್ಲ್ಯೂ ವಾಸಿ. ಸಿ ಬಂದರೆ ಗ್ರೇಡ್ ಸುಧಾರಿಸಲೆಂದು ಮತ್ತೆ ತೆಗೆದುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಡಬ್ಲ್ಯೂ ಕೂಡ ಒಂದು ಪ್ರಯತ್ನವಾಗಿ ಎಣಿಕೆಯಾಗುತ್ತದೆ, ಪ್ರಯತ್ನಗಳಿಗೆ ಮಿತಿ ಇದೆ. ಸಾಮಾನ್ಯ ಶಿಕ್ಷಣದ ಅಸ್ಟ್ರಾನಮಿಗೆ ಸಿ ಸಾಕು, ಆದರೆ ಅದಕ್ಕಿಂತ ಕೆಳಗಿನ ಗ್ರೇಡ್ ಕ್ಯಾಲ್-ಗೆಟ್ಸಿಗೆ ಸಲ್ಲದು. ಪಾಸ್/ನೋ ಪಾಸ್ ಆಯ್ಕೆಯನ್ನು ಅಕೌಂಟಿಂಗ್‌ನಂಥ ಮೇಜರ್ ಕೋರ್ಸಿಗೆ ಬಳಸಲೇಬೇಡಿ. ಎಫ್‌-1ರವರು 12 ಯೂನಿಟ್‌ಗಿಂತ ಕೆಳಗಿಳಿಯುವ ಮುಂಚೆ ಇಂಟರ್‌ನ್ಯಾಷನಲ್ ಕಚೇರಿಯ ಒಪ್ಪಿಗೆ ಪಡೆಯಬೇಕು. ಡ್ರಾಪ್ ಮಾಡಿ ಆಮೇಲೆ ಹೇಳಿದರೆ ವೀಸಾ ಸ್ಥಿತಿಗೇ ಕುತ್ತು.

## ಹಂತ 9: ಮುಗಿದ ಮೇಲೆ ಸರ್ಟಿಫೈ ಮಾಡಿಸುವುದು

ಕ್ಯಾಲ್-ಗೆಟ್ಸಿ ಪೂರ್ತಿಯಾದರೆ ಯೂನಿವರ್ಸಿಟಿಗೆ ತಾನಾಗಿ ತಿಳಿಯುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್ ಕಳಿಸುವಾಗ ಸರ್ಟಿಫಿಕೇಷನ್ ಬೇಕೆಂದು ನೀವೇ ಕೇಳಬೇಕು. ಎಡಿಟಿಗೂ ಪ್ರತ್ಯೇಕ ಅರ್ಜಿ, ಅದಕ್ಕೂ ಗಡುವು ಇದೆ. ಒಂದಕ್ಕಿಂತ ಹೆಚ್ಚು ಕಾಲೇಜಿನಲ್ಲಿ ಓದಿದ್ದರೆ, ಹೈಸ್ಕೂಲಿನಲ್ಲಿದ್ದಾಗ ಮಾಡಿದ ಒಂದು ಬೇಸಿಗೆ ಕ್ಲಾಸೂ ಸೇರಿ, ಎಲ್ಲ ಕಾಲೇಜುಗಳ ಟ್ರಾನ್ಸ್‌ಕ್ರಿಪ್ಟೂ ಸರ್ಟಿಫೈ ಮಾಡುವ ಕಾಲೇಜಿಗೆ ತಲುಪಿರಬೇಕು.

ಯುಸಿಗೆ ಕಮ್ಯುನಿಟಿ ಕಾಲೇಜಿನಿಂದ ಗರಿಷ್ಠ 70 ಸೆಮಿಸ್ಟರ್ ಯೂನಿಟ್‌ಗೆ ಕ್ರೆಡಿಟ್. ಅದಕ್ಕಿಂತ ಹೆಚ್ಚು ಮಾಡಿದ್ದರೂ ವಿಷಯದ ಅಗತ್ಯ ಪೂರೈಸಿದಂತೆ ಪರಿಗಣಿಸುತ್ತಾರೆ, ಯೂನಿಟ್ ಮಾತ್ರ ಸೇರದು. ಟ್ರಾನ್ಸ್‌ಕ್ರಿಪ್ಟನ್ನು ಕೊನೆಯ ಟರ್ಮ್‌ನ ಗ್ರೇಡುಗಳು ಪೋರ್ಟಲ್‌ನಲ್ಲಿ ಬಿದ್ದ ಮೇಲೇ ಆರ್ಡರ್ ಮಾಡಿ, ಇಲ್ಲವೇ 'ಗ್ರೇಡ್ ಬಂದ ನಂತರ ಕಳಿಸಿ' ಎಂಬ ಆಯ್ಕೆಯೊಂದಿಗೆ ಮಾಡಿ. ಅವಸರದಲ್ಲಿ ಮೇ ತಿಂಗಳಲ್ಲೇ ಕಳಿಸಿದ ಪ್ರತಿಯಲ್ಲಿ ವಸಂತದ ಕೋರ್ಸುಗಳ ಮುಂದೆ ಗ್ರೇಡ್ ಖಾಲಿ ಇರುತ್ತದೆ, ಜುಲೈನಲ್ಲಿ ಪ್ರವೇಶ ರದ್ದಾಗುವ ಎಚ್ಚರಿಕೆ ಪತ್ರ ಬರುವುದು ಅಂಥವರಿಗೇ. ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್ ಅನ್ನು ಮರೆಯದೆ ಉಳಿಸಿಕೊಂಡಿರಿ. ಖಾಸಗಿ ಅಥವಾ ಬೇರೆ ರಾಜ್ಯದ ಯೂನಿವರ್ಸಿಟಿ ಒಂದು ಕೋರ್ಸನ್ನು ಒಪ್ಪಲು ಹಿಂದೇಟು ಹಾಕಿದರೆ ಅವರು ಕೇಳುವ ಮೊದಲ ಕಾಗದ ಅದು.